ತುಕ್ಕು, ಉಪ್ಪು ಮತ್ತು ಅಪ್ಪಯ್ಯನ ಅಂಬಾಸಿಡರ್

ಕಳೆದ ಚಳಿಗಾಲದಲ್ಲಿ ನಮ್ಮ ಸಂಘದ ಪಿಕ್ನಿಕ್ಕಿಗೆ ಹೋಗಿದ್ದಾಗ ಗೆಳೆಯರೊಬ್ಬರು ನನ್ನ 2008ರ ಮಾದರಿಯ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದಕ್ಕೆ ಯಾವ ಔಷಧಿ ಕೊಡ್ತೀರಿ ಮಾರಾಯ್ರೆ, ಇನ್ನೂ ತುಕ್ಕೇ ಹಿಡಿದಿಲ್ಲವಲ್ಲ?" ಎಂದರು. ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವವರಿಗೆ ಇಂಥ ತಮಾಷೆ ಹೊಸದಲ್ಲ. ನಕ್ಕು ಸುಮ್ಮನಾದೆ. ನಿಜ ಹೇಳಬೇಕೆಂದರೆ, ಈ ಕಾರಿಗೆ ಮಾಡುವ ಆರೈಕೆಯನ್ನೆಲ್ಲ ನಾನು ಕಲಿತದ್ದು ಇನ್ನೊಂದು ಕಾರನ್ನು ನನ್ನ ಕೈಯಾರೆ ಹಾಳು ಮಾಡಿದ ಮೇಲೆ.

ನಮ್ಮ ಮನೆ ಕುಂದಾಪುರದ ಹತ್ತಿರ, ಕಡಲಿಗೆ ಒಂದು ಮೈಲಿ ದೂರ. ಅಪ್ಪಯ್ಯ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ನಾನು ಡಿ. ಫಾರ್ಮಾ ಓದಿದ್ದು ಆ ಕಾರಿನ ದುಡಿಮೆಯಲ್ಲಿಯೇ. ಪ್ರತಿ ವರ್ಷ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ, ಅವರು ಎರಡು ದಿನ ಬಾಡಿಗೆಗೆ ಹೋಗುತ್ತಿರಲಿಲ್ಲ. ಕಾರಿನ ಒಳಗಿನ ಮ್ಯಾಟುಗಳನ್ನೆಲ್ಲ ತೆಗೆದು ಅಂಗಳದಲ್ಲಿ ಬಿಸಿಲಿಗೆ ಹರವುತ್ತಿದ್ದರು. ಮಡ್‌ಗಾರ್ಡ್ ಒಳಗೆ ಕೈ ಹಾಕಿ ಕೆಸರು ಕೆರೆಯುತ್ತಿದ್ದರು. ತುಕ್ಕು ಕಂಡಲ್ಲಿ ಉಜ್ಜಿ ರೆಡ್ ಆಕ್ಸೈಡ್ ಬಳಿಯುತ್ತಿದ್ದರು. ಕೊನೆಗೆ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು, ಬಾಗಿಲುಗಳ ಅಡಿಯಲ್ಲಿರುವ ಸಣ್ಣ ತೂತುಗಳನ್ನು ಒಂದೊಂದಾಗಿ ಚುಚ್ಚಿ ಬಿಡಿಸುವುದು ನನ್ನ ಕೆಲಸ. ಒಮ್ಮೆ, ಈ ತೂತುಗಳಿಂದಲೇ ಅಲ್ಲವೇ ನೀರು ಒಳಗೆ ಬರುವುದು, ಮುಚ್ಚಿಬಿಡಬಾರದೇ ಎಂದು ಕೇಳಿದ್ದೆ. "ನೀರ್ ಬಿದ್ರೆ ಅಡ್ಡಿಲ್ಲೆ ಮಗಾ, ನಿಲ್ಲೂಕಾಗ" ಎಂದಿದ್ದರು.

2006ರಲ್ಲಿ ನಾನು ಬಹರೈನಿಗೆ ಬಂದೆ. ಕೆಲವು ವರ್ಷಗಳಲ್ಲಿ ಅಪ್ಪಯ್ಯನ ಮಂಡಿ ಸೋತಿತು, ಬಾಡಿಗೆ ನಿಂತಿತು. ಕಾರು ಮಾತ್ರ ಅಂಗಳದ ಬದಿಯಲ್ಲಿ ಉಳಿಯಿತು. 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆ ನಿಂತ ಸುದ್ದಿ ಬಂತು. ಇನ್ನು ಈ ಕಾರನ್ನು ಉಳಿಸಿಕೊಳ್ಳಲೇಬೇಕು ಎನಿಸಿ, ಅದೇ ವಾರ ಇಲ್ಲಿನ ಅಂಗಡಿಯಿಂದ ದಪ್ಪದ, ಒಂದು ಹನಿ ನೀರೂ ದಾಟದ ಕವರ್ ಕೊಂಡು, ಊರಿಗೆ ಹೊರಟಿದ್ದವರ ಕೈಯಲ್ಲಿ ಕಳಿಸಿದೆ. ಫೋನಿನಲ್ಲಿ, "ಅಪ್ಪಯ್ಯ, ಈ ಸಲ ನೀವ್ ಎಂತದೂ ಮಾಡೂದ್ ಬ್ಯಾಡ. ಕವರ್ ಹಾಕಿ ಕಟ್ಟಿ ಬಿಡಿ" ಎಂದೆ. ಅವರು ಹಾಗೆಯೇ ಮಾಡಿದರು. ಅಷ್ಟರಲ್ಲಿ ಒಂದೆರಡು ಮಳೆ ಬಿದ್ದಾಗಿತ್ತು. ಮುಂದಿನ ಗಾಜಿನ ಹಳೆಯ ರಬ್ಬರಿನ ಸಂದಿಯಿಂದ ಇಳಿದ ನೀರು ಮ್ಯಾಟಿನ ಅಡಿಯಲ್ಲಿ ಇತ್ತು. ಅದು ನನಗೆ ಗೊತ್ತಿರಲಿಲ್ಲ, ನಾನು ಕೇಳಲೂ ಇಲ್ಲ.

ಅಕ್ಟೋಬರಿನಲ್ಲಿ ರಜೆಗೆ ಹೋದವಳು ಉತ್ಸಾಹದಿಂದ ಕವರ್ ಎಳೆದೆ. ಹೊರಗಿನ ಬಣ್ಣ ಚೆನ್ನಾಗಿಯೇ ಇತ್ತು. ಬಾಗಿಲು ತೆಗೆದರೆ ಬೂಸಲು ವಾಸನೆ. ಡ್ರೈವರ್ ಸೀಟಿನ ಮುಂದೆ ಕಾಲಿಟ್ಟೆ, ಮ್ಯಾಟು ಕುಸಿಯಿತು. ಎತ್ತಿ ನೋಡಿದರೆ ತಗಡೇ ಇಲ್ಲ, ಅಂಗಳದ ಹುಲ್ಲು ಕಾಣುತ್ತಿತ್ತು. ಅಂಬಾಸಿಡರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ನೆಲ, ಫುಟ್‌ಬೋರ್ಡ್ ಎರಡೂ ಹೋದ ಮೇಲೆ ಟಿಂಕರಿಂಗ್‌ನವರು ತಲೆ ಅಲ್ಲಾಡಿಸಿದರು. ಅಪ್ಪಯ್ಯ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಕವರನ್ನು ಮಡಚುತ್ತಾ, "ಕವರ್ ಲಾಯ್ಕ್ ಇತ್ ಮಗಾ, ಹರಿಲಿಲ್ಲೆ" ಎಂದರು.

ನನಗೆ ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಮಾತ್ರೆಯ ಡಬ್ಬಿಯಲ್ಲಿರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ, ಔಷಧಿಯನ್ನು ಬಾತ್‌ರೂಮಿನ ಕಪಾಟಿನಲ್ಲಿ ಇಡಬೇಡಿ, ತೇವ ಸೇರಿದರೆ ಮುಚ್ಚಳ ಎಷ್ಟು ಬಿಗಿ ಇದ್ದರೂ ಪ್ರಯೋಜನವಿಲ್ಲ ಎಂದು ದಿನವೂ ಹೇಳುವವಳು ನಾನು. ಒದ್ದೆ ಕಾರಿಗೆ ಅದೇ ಬಿಗಿ ಮುಚ್ಚಳ ಹಾಕಿಸಿದ್ದೆ.

ತುಕ್ಕಿಗೆ ಬೇಕಾದದ್ದು ಕಬ್ಬಿಣ, ನೀರು, ಗಾಳಿಯಲ್ಲಿನ ಆಮ್ಲಜನಕ. ಉಪ್ಪು ಸೇರಿದರೆ ಅದರ ಕೆಲಸ ಬೇಗ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಬಹರೈನಿನಲ್ಲಿ 100 ಮಿ.ಮೀ. ಕೂಡ ಇಲ್ಲ, ಮತ್ತೆ ಇಲ್ಲೇಕೆ ತುಕ್ಕು ಎಂದು ಕೇಳಬಹುದು. ಮಳೆಗಾಲದಲ್ಲಿ ನಮ್ಮ ಅಮ್ಮಂದಿರ ಉಪ್ಪಿನ ಭರಣಿ ತಾನಾಗಿಯೇ ನೀರೂರುವುದನ್ನು ನೆನಪಿಸಿಕೊಳ್ಳಿ. ಇಲ್ಲಿನ ಧೂಳಿನಲ್ಲಿ ಉಪ್ಪಿದೆ, ಆಗಸ್ಟಿನ ರಾತ್ರಿಗಳಲ್ಲಿ ಕಡಲಿನ ತೇವವಿದೆ. ಎರಡೂ ಸೇರಿ ಕಾರಿನ ಅಡಿಯಲ್ಲಿ ಉಪ್ಪು ಕೆಸರಾಗಿ ಅಂಟಿಕೊಳ್ಳುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣ ಗುಳ್ಳೆ ಏಳುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಬಹಳ ಕೆಲಸ ಆಗಿರುತ್ತದೆ.

ಹಾಗಾಗಿ ನಾನು ಮನೆಯಲ್ಲೇ ಮಾಡುವುದು ಇಷ್ಟು. ಎರಡು ವಾರಕ್ಕೊಮ್ಮೆ, ಧೂಳಿನ ಬಿರುಗಾಳಿ ಬೀಸಿದರೆ ಮರುದಿನವೇ, ಚಕ್ರಗಳ ಮೇಲ್ಭಾಗ ಮತ್ತು ಕಾರಿನ ಅಡಿಗೆ ಸಿಹಿನೀರು ಹಾಯಿಸುತ್ತೇನೆ. ಮೇಲೆ ಹೊಳಪು ಮಾಡಿ ಅಡಿ ತೊಳೆಯದೆ ಬಿಟ್ಟರೆ ಪ್ರಯೋಜನವಿಲ್ಲ. ಬಾಗಿಲಿನ ಅಡಿಯ ತೂತುಗಳಿಗೆ ಇಲ್ಲಿ ಹಿಡಿಸೂಡಿ ಕಡ್ಡಿ ಸಿಗದಿದ್ದರೆ ಪ್ಲಾಸ್ಟಿಕ್ ಕೇಬಲ್ ಟೈ ಸಾಕು. ಕಬ್ಬಿಣದ ತಂತಿ ಬೇಡ, ಅದು ಬಣ್ಣ ಕೆರೆಯುತ್ತದೆ. ತಿಂಗಳಿಗೊಮ್ಮೆ ಮ್ಯಾಟ್ ಎತ್ತಿ ಅಂಗೈ ಒತ್ತಿ ನೋಡುತ್ತೇನೆ. ಮಳೆಯೇ ಇಲ್ಲದ ಊರಿನಲ್ಲಿ ಮುಂದಿನ ಸೀಟಿನ ಕಾರ್ಪೆಟ್ ಒದ್ದೆಯಾಗಿದ್ದರೆ, ಏಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು.

ಕಲ್ಲು ಸಿಡಿದು ಬಣ್ಣ ಹಾರಿದ ಕಡೆ ಅದೇ ವಾರ ಕೈ ಹಾಕಬೇಕು. ಎಮರಿ ಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಒರೆಸಿ ಒಣಗಿಸಿ, ಪ್ರೈಮರ್ ಹಚ್ಚಿ, ಮೇಲೆ ಟಚ್-ಅಪ್ ಬಣ್ಣ. ಪೂರ್ತಿ ತೆಗೆಯಲಾಗದ ಮೂಲೆಗಳಿಗೆ ರಸ್ಟ್ ಕನ್ವರ್ಟರ್ ಸಿಗುತ್ತದೆ. ಅದರಲ್ಲಿರುವುದು ಹೆಚ್ಚಾಗಿ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ. ಟ್ಯಾನಿಕ್ ಆಮ್ಲ ತಾಗಿದ ತುಕ್ಕು ಕಪ್ಪಾಗುತ್ತದೆ. ಹಿಂದಿನವರು ಅಳಲೆಕಾಯಿ, ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದುದರ ಹಿಂದೆ ಇದ್ದದ್ದೂ ಇದೇ ರಸಾಯನ. ಆದರೆ ಸಡಿಲ ತುಕ್ಕನ್ನು ಮೊದಲು ಉಜ್ಜಿ ತೆಗೆಯದಿದ್ದರೆ ಇದು ಕೆಲಸ ಮಾಡದು. ಕೈಗವಸು, ಕನ್ನಡಕ ಮರೆಯಬೇಡಿ. ವರ್ಷಕ್ಕೆರಡು ಬಾರಿ ಮೇಲೆ ವ್ಯಾಕ್ಸ್, ಬಾಗಿಲುಗಳ ಒಳಪೊಳ್ಳಿಗೆ ವ್ಯಾಕ್ಸ್ ಸ್ಪ್ರೇ ಹೊಡೆಯುತ್ತೇನೆ. ಸ್ಪ್ರೇ ಹೊಡೆದ ಮೇಲೆ ತೂತುಗಳು ತೆರೆದಿವೆಯೇ ಎಂದು ನೋಡಬೇಕು. ಬ್ಯಾಟರಿ ಟರ್ಮಿನಲ್ ಸ್ವಚ್ಛಮಾಡಿ ತೆಳುವಾಗಿ ವ್ಯಾಸಲಿನ್ ಹಚ್ಚಿದರೆ ಅಲ್ಲಿಯ ಬಿಳಿ ಪುಡಿಯ ಕಾಟ ಕಡಿಮೆ.

ಅಪ್ಪಯ್ಯನ ಒಂದು ಪದ್ಧತಿಯನ್ನು ಮಾತ್ರ ನಾನು ಬಿಟ್ಟಿದ್ದೇನೆ. ಅವರು ಅಡಿಗೆ ಹಳೆಯ ಇಂಜಿನ್ ಆಯಿಲ್ ಬಳಿಯುತ್ತಿದ್ದರು. ಅದು ರಬ್ಬರನ್ನು ಕೆಡಿಸುತ್ತದೆ, ಬ್ರೇಕಿಗೆ ತಾಗಿದರೆ ಅಪಾಯ, ನೆಲಕ್ಕೆ ತೊಟ್ಟಿಕ್ಕುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಹಾಗೆಯೇ ತುಕ್ಕಿನ ಮೇಲೆಯೇ ದಪ್ಪ ಡಾಂಬರಿನಂಥ ಲೇಪ ಬಳಿಯುವುದೂ ಬೇಡ, ಅದು ಕೀವು ತೆಗೆಯದೆ ಬ್ಯಾಂಡೇಜ್ ಕಟ್ಟಿದ ಹಾಗೆ. ಫುಟ್‌ಬೋರ್ಡ್, ಜ್ಯಾಕ್ ಕೊಡುವ ಜಾಗ, ಬ್ರೇಕ್ ಪೈಪ್ ಇಲ್ಲೆಲ್ಲ ತುಕ್ಕು ಕಂಡರೆ ಮನೆಮದ್ದು ಸಾಲದು, ಗ್ಯಾರೇಜಿಗೇ ಹೋಗಬೇಕು.

ಇದನ್ನು ಬರೆಯಲು ಮುಖ್ಯ ಕಾರಣ ಬೇರೆ ಇದೆ. ನಮ್ಮಲ್ಲಿ ಅನೇಕರು ಊರಿನಲ್ಲಿ ಒಂದು ಕಾರು ಇಟ್ಟಿದ್ದೇವೆ. ವರ್ಷಕ್ಕೊಂದು ತಿಂಗಳು ಓಡಿಸಿ, ಕವರ್ ಕಟ್ಟಿ ವಿಮಾನ ಹತ್ತುತ್ತೇವೆ. ದಯವಿಟ್ಟು ಒದ್ದೆ ಕಾರಿಗೆ ಕವರ್ ಹಾಕಬೇಡಿ. ಗಾಳಿಯಾಡುವ ಬಟ್ಟೆಯ ಕವರ್ ಇರಲಿ, ಅದಕ್ಕಿಂತ ನಾಲ್ಕು ಕಂಬದ ಮಾಡು ಲೇಸು. ಮಳೆಗಾಲದ ನಡುವೆ ಬಿಸಿಲು ಬಿದ್ದ ದಿನ ಯಾರಾದರೂ ಬಾಗಿಲು ತೆರೆದು ಮ್ಯಾಟ್ ಎತ್ತುವಂತೆ ಹೇಳಿ ಬನ್ನಿ. ಮನೆಯ ಹಿರಿಯರು ತಮ್ಮ ರೀತಿಯಲ್ಲಿ ಏನಾದರೂ ಮಾಡುತ್ತಿದ್ದರೆ, ಅದನ್ನು ಫೋನಿನಲ್ಲಿ ನಿಲ್ಲಿಸುವ ಮೊದಲು ಯಾಕೆ ಎಂದು ಒಮ್ಮೆ ಕೇಳಿ.

ಅಂಬಾಸಿಡರ್ ಗುಜರಿಗೆ ಹೋಯಿತು. 2019ರಲ್ಲಿ ಅಪ್ಪಯ್ಯನೂ ಹೋದರು. ಕಾರಿನ ಕೀ ಅವರ ಪೆಟ್ಟಿಗೆಯಲ್ಲಿ ಸಿಕ್ಕಿತು, ಎಣ್ಣೆ ಹಚ್ಚಿ ಕಾಗದದಲ್ಲಿ ಸುತ್ತಿಟ್ಟಿದ್ದರು, ಒಂದು ಚುಕ್ಕೆ ತುಕ್ಕಿರಲಿಲ್ಲ. ಕವರನ್ನು ಅಮ್ಮ ಸೌದೆಯ ಮೇಲೆ ಹೊದಿಸಿದ್ದಾರೆ. ಇನ್ನೂ ಹರಿದಿಲ್ಲ.

ಬರುವ ಶುಕ್ರವಾರ ಚಹಾ ಕುಡಿದ ಮೇಲೆ ಕೆಳಗಿಳಿದು ನಿಮ್ಮ ಕಾರಿನ ಮ್ಯಾಟ್ ಒಮ್ಮೆ ಎತ್ತಿ ನೋಡಿ.