ಕೇಳ್ತದೆ, ತಿಳಿಯೋದಿಲ್ಲ

ದುಬಾರಿ ಹೆಡ್‌ಫೋನ್‌ಗಳ ವಿಮರ್ಶೆ ಓದಿದ್ದೀರಾ? ಓದಿಲ್ಲದಿದ್ದರೆ ಒಮ್ಮೆ ಓದಿ, ಮಜಾ ಇರುತ್ತದೆ. ಒಂದರ ದನಿ ಬೆಚ್ಚಗಿದೆಯಂತೆ, ಇನ್ನೊಂದರಲ್ಲಿ ಬೆಳಕು ಜಾಸ್ತಿಯಂತೆ, ಮೂರನೆಯದರಲ್ಲಿ ಚೆನ್ನಾಗಿ ಗಾಳಿ ಆಡುತ್ತದಂತೆ. ಬೆಂಗಳೂರಲ್ಲಿ ಬಾಡಿಗೆ ಮನೆ ತೋರಿಸುವ ಬ್ರೋಕರ್‌ಗಳೂ ಹೆಚ್ಚುಕಡಿಮೆ ಇದೇ ಮಾತಾಡ್ತಾರೆ. ಮನೆಯನ್ನಾದರೂ ಕಣ್ಣಲ್ಲಿ ನೋಡಬಹುದು, ದನಿಯನ್ನು ಏನು ಮಾಡೋದು? ಕೊಳ್ಳುವ ಮೊದಲು ನಾವೇ ಕಿವಿಗೆ ಹಾಕಿಕೊಂಡು, ಒಂದರ ಪಕ್ಕ ಒಂದನ್ನಿಟ್ಟು ಕೇಳಬೇಕು. ಬೇರೆ ದಾರಿ ಇಲ್ಲ.

ನನ್ನ ಬಜೆಟ್ ಇಪ್ಪತ್ತೈದು ಸಾವಿರ. ಊರಲ್ಲಿ ಈ ಅಂಕಿ ಹೇಳಿದರೆ 'ಎರಡು ಕಿವಿಗೆ ಸೇರಿಸಿಯಾ, ಒಂದೊಂದಕ್ಕಾ?' ಅಂತ ಕೇಳಿಯಾರು. ಮೂರು ಹೆಡ್‌ಫೋನ್‌ಗಳು ಕಣದಲ್ಲಿದ್ದವು. ಸೆನ್‌ಹೈಸರ್‌ನ ಎಚ್‌ಡಿ 600, ಇದು 1997ರಿಂದ ಇರುವ ಹಳೇ ಹುಲಿ. ಆಸ್ಟ್ರಿಯಾ ಮೂಲದ ಎಕೆಜಿ ಕಂಪನಿಯ ಕೆ 702. ಜರ್ಮನಿಯ ಬೇಯರ್‌ಡೈನಾಮಿಕ್‌ನ ಡಿಟಿ 770 ಪ್ರೊ. ಮೊದಲೆರಡು 'ಓಪನ್' ಜಾತಿಯವು, ಅಂದರೆ ಕಿವಿಯ ಹೊರಬದಿಗೆ ಜಾಲರಿ ಇರುತ್ತದೆ, ದನಿ ಎರಡೂ ಕಡೆ ಹೋಗಿ ಬರುತ್ತದೆ. ಮೂರನೆಯದು 'ಕ್ಲೋಸ್ಡ್', ಡಬ್ಬಿಯ ಹಾಗೆ ಮುಚ್ಚಿದ್ದು. ಎಚ್‌ಡಿ 600 ಒಬ್ಬ ಸಹೋದ್ಯೋಗಿಯ ಹತ್ತಿರವಿತ್ತು. ಉಳಿದೆರಡು ಅಂಗಡಿಯೊಂದರ ಡೆಮೊ ರೂಮಿನಲ್ಲಿದ್ದವು. ಸಹೋದ್ಯೋಗಿ ತನ್ನ ಪುಟ್ಟ ಆಂಪ್ಲಿಫೈಯರನ್ನೂ ಕೊಟ್ಟ. ಎಚ್‌ಡಿ 600ರ ಇಂಪಿಡೆನ್ಸ್ 300 ಓಮ್, ಬರೀ ಮೊಬೈಲಿಗೆ ಚುಚ್ಚಿದರೆ ಅದು ಹಸಿದ ಹೊಟ್ಟೆಯಲ್ಲಿ ಹಾಡಿದ ಹಾಗಿರುತ್ತದೆ.

ಇಲ್ಲೊಂದು ಗುಟ್ಟಿದೆ, ಹೋಲಿಕೆ ಮಾಡುವವರೆಲ್ಲ ತಿಳಿದಿರಬೇಕಾದ್ದು. ಎರಡು ಹೆಡ್‌ಫೋನ್‌ಗಳಲ್ಲಿ ಒಂದರ ಸದ್ದು ಒಂದೆರಡು ಡೆಸಿಬೆಲ್ ಜಾಸ್ತಿ ಇದ್ದರೂ ಸಾಕು, ನಮಗದು 'ಜೋರಾಗಿದೆ' ಅನ್ನಿಸೋದಿಲ್ಲ, 'ಚೆನ್ನಾಗಿದೆ' ಅನ್ನಿಸುತ್ತದೆ. ಹಾಗಾಗಿ ಮೊದಲು ಸದ್ದನ್ನು ಸಮ ಮಾಡಿಕೊಳ್ಳಬೇಕು. ನಾನು 1000 ಹರ್ಟ್ಜ್‌ನ ಒಂದು ಟೋನ್ ಹಾಕಿ, ಮೂರರಲ್ಲೂ ಅದು ಒಂದೇ ಸಮ ಕೇಳುವವರೆಗೆ ಗುಂಡಿ ತಿರುಗಿಸಿ, ಒಂದೊಂದಕ್ಕೂ ಗುಂಡಿ ಎಲ್ಲಿ ನಿಂತಿತು ಅಂತ ಆಂಪ್ಲಿಫೈಯರ್ ಮೇಲೆ ಟೇಪ್ ಅಂಟಿಸಿ ಪೆನ್ಸಿಲಿನಲ್ಲಿ ಗೀಟು ಹಾಕಿಕೊಂಡೆ. ಅಂಗಡಿಯ ಹುಡುಗ 'ಸಾರ್ ಮೆಕ್ಯಾನಿಕಲ್ಲಾ?' ಅಂದ. ಅಲ್ಲಪ್ಪಾ, ಸಾಫ್ಟ್‌ವೇರ್ ಟೆಸ್ಟಿಂಗು ಅಂದೆ.

ಇನ್ನು ಯಾವ ಹಾಡು ಹಾಕೋದು? ವಿಮರ್ಶಕರಿಗೆ ಸ್ಟೀಲಿ ಡಾನ್ ಇಷ್ಟ. ಒಳ್ಳೇ ರೆಕಾರ್ಡಿಂಗೇ, ಆದರೆ ಆ ವಾದ್ಯಗಳು ಎದುರಿಗೆ ಕೂತು ನುಡಿಸಿದಾಗ ಹೇಗೆ ಕೇಳುತ್ತವೆ ಅಂತ ನನಗೆ ಗೊತ್ತಿಲ್ಲ. ಮೂಲ ಗೊತ್ತಿಲ್ಲದೆ ನಕಲನ್ನು ಅಳೆಯೋದು ಹೇಗೆ? ನನಗೆ ಗೊತ್ತಿರೋದು ಚೆಂಡೆ. ಸಿರ್ಸಿ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿಯಿಡೀ ಆಟ ನೋಡಿ ರಂಗಸ್ಥಳದ ಬದಿಯಲ್ಲೇ ನಿದ್ದೆ ಹೋದ ಕಿವಿ ನನ್ನದು. ಆ ಪೆಟ್ಟಿನ ಮೊನೆ, ಅದರ ಹಿಂದೆ ಬರುವ ಮದ್ದಳೆಯ ತುಂಬು ದನಿ, ಎರಡೂ ಹೇಗಿರಬೇಕು ಅಂತ ನನಗೆ ಯಾರೂ ಕಲಿಸಬೇಕಿಲ್ಲ. ಜೊತೆಗೊಂದು ತಂಬೂರಿಯ ರೆಕಾರ್ಡಿಂಗ್ ಇಟ್ಟುಕೊಂಡೆ. ತಂಬೂರಿಯ ಒಂದು ತಂತಿ ಮೀಟಿದರೆ ಹತ್ತಾರು ಸ್ವರಾಂಶಗಳು ಏಳುತ್ತವೆ, ಹೆಡ್‌ಫೋನ್ ಯಾವುದನ್ನು ಎತ್ತಿ ಯಾವುದನ್ನು ಅದುಮಿದರೂ ತಕ್ಷಣ ಸಿಕ್ಕಿಬೀಳುತ್ತದೆ.

ಡೆಮೊ ರೂಮಿನ ಮೌನದಲ್ಲಿ ಎಚ್‌ಡಿ 600 ಸಲೀಸಾಗಿ ಗೆದ್ದಿತು. ಭಾಗವತರ ದನಿ ದನಿಯಾಗಿಯೇ ಇತ್ತು, ಯಾವುದೂ ಮುಂದೆ ನುಗ್ಗಲಿಲ್ಲ. ಕೆ 702ರಲ್ಲಿ ರಂಗಸ್ಥಳ ಅಗಲವಾಯಿತು, ಆದರೆ ಮದ್ದಳೆ ತೆಳ್ಳಗಾಯಿತು. ಡಿಟಿ 770ರಲ್ಲಿ ಮದ್ದಳೆ ಬೇಕಾದ್ದಕ್ಕಿಂತ ದಪ್ಪ, ತಾಳದ ಸದ್ದು ಬೇಕಾದ್ದಕ್ಕಿಂತ ಚೂಪು. ನಿರ್ಧಾರ ಆಗಿಹೋಯಿತು ಅಂದುಕೊಂಡು, ಕೊನೆಗೊಮ್ಮೆ ಅಂತ ಮೂರರ ಫ್ರೀಕ್ವೆನ್ಸಿ ಗ್ರಾಫ್ ನೋಡ್ತಾ ಕೂತೆ. ಅಡ್ಡಕ್ಕೆ ಹರ್ಟ್ಜ್, ಉದ್ದಕ್ಕೆ ಡೆಸಿಬೆಲ್, ನಡುವೆ ಏಳುತ್ತಾ ಬೀಳುತ್ತಾ ಹೋಗುವ ಒಂದು ಗೆರೆ. ಈ ಥರದ ಗ್ರಾಫನ್ನು ನಾನು ಮೊದಲೇ ನೋಡಿದ್ದೆ. ಅಪ್ಪನ ಫೈಲಿನಲ್ಲಿ.

ಅಪ್ಪ ಊರಲ್ಲಿ 28 ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಮೊದಲು ಡೀಸೆಲ್ ಇಂಜಿನ್, ಆಮೇಲೆ ಕರೆಂಟಿನ ಮೋಟಾರು, ಎರಡರ ಕಾಲದಲ್ಲೂ ಬೆಲ್ಟು ಮತ್ತು ಕಲ್ಲಿನ ಸದ್ದು. ಅವರ ಕಿವಿ ಪರೀಕ್ಷೆಯ ಗ್ರಾಫ್ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಸುಮಾರಾಗಿ ನೇರ ಹೋಗಿ, 4000 ಹರ್ಟ್ಜ್ ಹತ್ತಿರ ಬಾವಿಗೆ ಬಿದ್ದ ಹಾಗೆ ಕುಸಿಯುತ್ತದೆ. ಸದ್ದಿನಿಂದ ಹಾಳಾಗುವ ಕಿವಿ ಸಾಮಾನ್ಯವಾಗಿ ಆ ಆಸುಪಾಸಿನಲ್ಲೇ ಮೊದಲು ಹೋಗೋದು. ಸ್ವರಗಳ ಬಲ ಹೆಚ್ಚಾಗಿ ಕೆಳಗಿರುತ್ತದೆ, 'ಸ', 'ತ', 'ಕ' ಥರದ ವ್ಯಂಜನಗಳ ಗುರುತು ಮೇಲಿರುತ್ತದೆ. ಹಾಗಾಗಿ ಅಪ್ಪನಿಗೆ ಹಾಲು, ಸಾಲು, ಕಾಲು, ಪಾಲು ಎಲ್ಲ ಒಂದೇ 'ಆಲು'. 'ಕೇಳ್ತದೆ, ತಿಳಿಯೋದಿಲ್ಲ' ಅಂತಾರೆ. ಕಿವಿ ಕೇಳದವರ ಹತ್ತಿರ ನಾವು ಕೂಗ್ತೀವಲ್ಲ, ಅದರಿಂದ ಅವರಿಗೆ ಆಗುವ ಉಪಕಾರ ಅಷ್ಟಕ್ಕಷ್ಟೇ. ಕೂಗಿದಾಗ ಜೋರಾಗೋದು ಅವರಿಗೆ ಮೊದಲೇ ಕೇಳುತ್ತಿದ್ದ ಸ್ವರ.

ಇದಕ್ಕೊಂದು ಲೆಕ್ಕ ಇದೆ. ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಸದ್ದಿದ್ದರೆ ದಿನಕ್ಕೆ 8 ಗಂಟೆ ಮಿತಿ ಅಂತ ಅಮೆರಿಕದ ನಯೋಷ್ ಸಂಸ್ಥೆ ಹೇಳುತ್ತದೆ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದೇ ಗಂಟೆ. ಒಳಗಿವಿಯ ಕೂದಲಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟೋದಿಲ್ಲ. ಅಪ್ಪನಿಗೆ ಈ ಲೆಕ್ಕ ಹೇಳುವವರು ಇರಲಿಲ್ಲ, ಹೇಳಿದ್ದರೂ ಗಿರಣಿಗೆ ವಾಲ್ಯೂಮ್ ಗುಂಡಿ ಇರಲಿಲ್ಲ. ನನ್ನ ಕೈಯಲ್ಲಿ ಗುಂಡಿ ಇದೆ. ಆಫೀಸಲ್ಲಿ ದಿನಕ್ಕೆ ಐದಾರು ಗಂಟೆ ಹೆಡ್‌ಫೋನ್ ಹಾಕಿರ್ತೀನಿ, ನೀವೂ ಅಷ್ಟೇ ಅಂದುಕೊಳ್ತೀನಿ. ಗಿರಣಿಯ ಪಾಳಿಗಿಂತ ಇದೇನೂ ಬಹಳ ಕಡಿಮೆಯಲ್ಲ.

ಅದಕ್ಕೇ ಹೋಲಿಕೆಯನ್ನು ಇನ್ನೊಮ್ಮೆ ಮಾಡಿದೆ, ಈ ಸಲ ನಾನು ನಿಜವಾಗಿ ಕೂತು ಕೇಳುವ ಜಾಗದಲ್ಲಿ. ಸಹೋದ್ಯೋಗಿಯಿಂದ ಎಚ್‌ಡಿ 600 ಮತ್ತು ಇನ್ನೊಬ್ಬ ಗೆಳೆಯನಿಂದ ಡಿಟಿ 770 ಎರಡು ದಿನದ ಮಟ್ಟಿಗೆ ಮನೆಗೆ ತಂದೆ. ನನ್ನ ಮನೆ ರಿಂಗ್ ರೋಡಿನ ಪಕ್ಕ. ಸಂಜೆ ಏಳಕ್ಕೆ, ಕಿಟಕಿ ಮುಚ್ಚಿ, ಅದೇ ಚೆಂಡೆ. ಹಿತವೆನ್ನಿಸುವಷ್ಟು ಕೇಳಲು ಗುಂಡಿ ಎಲ್ಲಿಗೆ ಬಂತು ನೋಡಿದೆ. ಡೆಮೊ ರೂಮಿನಲ್ಲಿ ಎಚ್‌ಡಿ 600ರ ಗೀಟು ಗಡಿಯಾರದ ಒಂಬತ್ತರ ಜಾಗದಲ್ಲಿತ್ತು. ಮನೆಯಲ್ಲಿ ಹನ್ನೆರಡು ದಾಟಿತು. ಬಿಎಂಟಿಸಿ ಬಸ್ಸು ಆ ಜಾಲರಿಯ ಮೂಲಕ ಆರಾಮಾಗಿ ಒಳಗೆ ಬರುತ್ತಿತ್ತು, ನಾನು ಅದರ ಮೇಲೆ ಭಾಗವತರನ್ನು ಕೂಗಿಸುತ್ತಿದ್ದೆ. ಡಿಟಿ 770 ತನ್ನ ಹಳೆಯ ಗೀಟಿನಿಂದ ಒಂದು ಕೂದಲೆಳೆ ಮಾತ್ರ ಮೇಲೆ ಹೋಯಿತು.

ಇನ್ನೂ ಒಂದು ವಿಷಯ. ಸದ್ದು ತಗ್ಗಿಸಿದಷ್ಟೂ ನಮ್ಮ ಕಿವಿಗೆ ಕೆಳಗಿನ ದನಿಗಳು ಉಳಿದವಕ್ಕಿಂತ ಬೇಗ ಮರೆಯಾಗುತ್ತವೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಮೆಲ್ಲಗೆ ಕೇಳುವವನಿಗೆ ಡಿಟಿ 770ರ ಆ ದಪ್ಪ ಮದ್ದಳೆ ದಪ್ಪ ಅನ್ನಿಸೋದಿಲ್ಲ, ಸರಿಯಾಗಿಯೇ ಇದೆ ಅನ್ನಿಸುತ್ತದೆ. ಡೆಮೊ ರೂಮಿನ ದೋಷ ನನ್ನ ಮನೆಯಲ್ಲಿ ಗುಣವಾಯಿತು. ತಾಳ ಮಾತ್ರ ಈಗಲೂ ಚೂಪು. ಇರಲಿ.

ಡಿಟಿ 770 ಕೊಂಡೆ. ಬಜೆಟ್ಟಿನಲ್ಲಿ ದುಡ್ಡೂ ಉಳಿಯಿತು. ಎಚ್‌ಡಿ 600 ಹೆಚ್ಚಿನ ಹೆಡ್‌ಫೋನ್ ಅಂತ ಈಗಲೂ ಹೇಳ್ತೀನಿ, ನಿಮ್ಮ ಮನೆ ನಿಶ್ಶಬ್ದವಾಗಿದ್ದರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ. ಇಲ್ಲದಿದ್ದರೆ 'ಯಾವುದು ಚೆನ್ನಾಗಿ ಕೇಳುತ್ತದೆ' ಅನ್ನೋದರ ಜೊತೆಗೆ 'ಯಾವುದರಲ್ಲಿ ಗುಂಡಿ ಕೆಳಗಿಟ್ಟರೂ ಸಾಕಾಗುತ್ತದೆ' ಅಂತಲೂ ನೋಡಿ. ಅಂಗಡಿಯಲ್ಲಿ ಕೇಳಿ ನಿರ್ಧಾರ ಮಾಡಬೇಡಿ, ನಿಮ್ಮ ಆಫೀಸಿನ ಸದ್ದಿನಲ್ಲಿ ಒಂದು ಗಂಟೆ ಕೇಳಿ.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೂ ಹಾಕಿಸಿದೆ. ಸದ್ದು ನನ್ನ ಗೀಟಿನಲ್ಲೇ ಇಟ್ಟಿದ್ದೆ. ಕಣ್ಣುಮುಚ್ಚಿ ಪೂರ್ತಿ ಒಂದು ಪದ ಕೇಳಿದರು, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕಿದರು. ಕಳಚಿ ಕೈಗೆ ಕೊಡುತ್ತಾ, 'ಮದ್ದಳೆ ಚೊಲೋ ಇದೆ. ಚೆಂಡೆಯವನನ್ನು ಯಾಕೆ ಅಷ್ಟು ದೂರ ಕೂರಿಸಿದಾರೆ?' ಅಂದರು. ಆ ರೆಕಾರ್ಡಿಂಗಿನಲ್ಲಿ ಚೆಂಡೆ ಮೈಕಿಗೆ ತೀರಾ ಹತ್ತಿರ. ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ, ಮುಂದಿನ ತಿಂಗಳು ಅವರನ್ನು ಶ್ರವಣಯಂತ್ರದ ಟ್ರಯಲ್‌ಗೆ ಕರೆದುಕೊಂಡು ಹೋಗೋದು ಅಂತಿದೆ. ಅಲ್ಲೂ ಎರಡು ಮೂರನ್ನು ಹೋಲಿಸಿ ನೋಡಬೇಕು. ಚೆಂಡೆಯ ರೆಕಾರ್ಡಿಂಗ್ ಜೊತೆಗೆ ತಗೊಂಡು ಹೋಗ್ತೀನಿ. 'ಹಾಲು, ಸಾಲು, ಕಾಲು, ಪಾಲು' ಅಂತ ಅಮ್ಮನ ದನಿಯಲ್ಲೂ ಒಂದು ರೆಕಾರ್ಡ್ ಮಾಡಿಟ್ಟುಕೊಂಡಿದ್ದೀನಿ.