ಸಾರವಾಡದ ಎರೆಯ ಕೆಳಗೆ

ವಿಜಯಪುರದಿಂದ ಬಬಲೇಶ್ವರದ ದಾರಿ ಹಿಡಿದರೆ ನಡುವೆ ಸಿಗುವ ಊರು ಸಾರವಾಡ. ಹತ್ತಿರದಲ್ಲೇ ಡೋಣಿ ನದಿ, ಸುತ್ತ ಕಣ್ಣು ಹಾಯುವವರೆಗೂ ಎರೆಭೂಮಿ. ಹಿಂಗಾರಿ ಮಳೆ ಕೈಹಿಡಿದರೆ ಬಿಳಿಜೋಳ, ಕಡಲೆ ತುಂಬಿ ನಿಲ್ಲುತ್ತವೆ. ಬೇಸಿಗೆಯಲ್ಲಿ ಅದೇ ನೆಲ ಬಾಯಿ ಬಿಡುತ್ತದೆ.

ಹೊಲದ ಬಾವಿಯೊಳಗೆ ಇಣುಕಿದರೆ ಈ ಸೀಮೆಯ ಚರಿತ್ರೆಯೇ ಕಾಣುತ್ತದೆ. ಮೇಲೆ ಎರೆ, ಕೆಳಗೆ ಗರಸು, ಅದಕ್ಕೂ ಕೆಳಗೆ ಪದರಪದರವಾಗಿ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದಾಳದಿಂದ ಉಕ್ಕಿ ಹರಿದ ಲಾವಾ ಆರಿ ಈ ಕಲ್ಲಾಯಿತು; ಕಲ್ಲು ಸವೆದು ಎರೆಯಾಯಿತು.

ಆ ಆಳದಲ್ಲಿ ಬಿಸಿ ಎಷ್ಟು? ಇದು ಬರೀ ಕುತೂಹಲದ ಪ್ರಶ್ನೆಯಲ್ಲ. 1993ರ ಲಾತೂರ್ ಭೂಕಂಪದಲ್ಲಿ ಸಾವಿರಾರು ಜನ ಸತ್ತರು. 2021 ಮತ್ತು 2022ರಲ್ಲಿ ನಮ್ಮ ಜಿಲ್ಲೆಯ ಜನರೂ ಲಘು ಕಂಪನಕ್ಕೆ ಮನೆಯಿಂದ ಹೊರಗೋಡಿ ಬಂದರು. ಶಿಲೆ ಎಷ್ಟು ಆಳದವರೆಗೆ ಸಿಡಿದು ಒಡೆಯುತ್ತದೆ, ಎಲ್ಲಿಂದ ಮೆತ್ತಗಾಗಿ ಬಾಗುತ್ತದೆ ಎಂಬುದನ್ನು ಮುಖ್ಯವಾಗಿ ಅಲ್ಲಿನ ಉಷ್ಣತೆಯೇ ನಿರ್ಧರಿಸುತ್ತದೆ.

ಅಷ್ಟು ಆಳಕ್ಕೆ ಇಳಿಯಲಾಗದು. ಆದ್ದರಿಂದ ವಿಜ್ಞಾನಿಗಳು ಕಲ್ಲಿನ ಚೂರನ್ನು ಯಂತ್ರದಲ್ಲಿ ಅದುಮಿ ಕಾಯಿಸುತ್ತಾರೆ. ನೂರು ಕಿಲೋಮೀಟರ್ ಆಳದ ಒತ್ತಡವೆಂದರೆ ಸುಮಾರು 30,000 ವಾಯುಭಾರ! ಅಲ್ಲಿ ಗಾಜಿನ ಥರ್ಮಾಮೀಟರ್ ನಡೆಯದು, ಬೇಕಾದದ್ದು ಉಷ್ಣಯುಗ್ಮ. ಎರಡು ಬೇರೆ ಲೋಹಗಳ ತಂತಿಗಳನ್ನು ಎರಡೂ ತುದಿಯಲ್ಲಿ ಬೆಸೆದು, ಒಂದು ಬೆಸುಗೆಯನ್ನು ಬಿಸಿ, ಇನ್ನೊಂದನ್ನು ತಂಪು ಇಟ್ಟರೆ ವಿದ್ಯುತ್ ಹರಿಯುತ್ತದೆ. 1821ರಲ್ಲಿ ಸೀಬೆಕ್ ಕಂಡ ಪರಿಣಾಮವಿದು. ತಾಮ್ರ ಮತ್ತು ಕಾನ್‌ಸ್ಟಂಟನ್ ಎಂಬ ತಾಮ್ರ-ನಿಕ್ಕಲ್ ಮಿಶ್ರಲೋಹದ ಜೋಡಿ ಒಂದು ಡಿಗ್ರಿಗೆ ಸುಮಾರು 40 ಮೈಕ್ರೊವೋಲ್ಟ್ ಕೊಡುತ್ತದೆ. ಸಾರವಾಡದ ಬಿಸಿಲಲ್ಲಿ ಕಾದ ಬಂಡೆ 55 ಡಿಗ್ರಿ, ಮಣ್ಣಿನ ಕೊಡದ ನೀರು 25 ಡಿಗ್ರಿ ಎಂದಿಟ್ಟುಕೊಂಡರೆ ಸಿಗುವುದು 1.2 ಮಿಲಿವೋಲ್ಟ್. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲಿಗೆ ಸಮವಾಗಲು ಇಂಥ 1,250 ಜೋಡಿ ಬೇಕು. ಅಲ್ಪವಾದರೂ ಅಳೆಯಲು ಸಾಕು.

ತೊಡಕು ಇರುವುದು ಇಲ್ಲಿಯೇ. ಯಂತ್ರದೊಳಗೆ ಕಲ್ಲಿನ ಜೊತೆಗೆ ತಂತಿಯೂ ಅದುಮಿಸಿಕೊಳ್ಳುತ್ತದೆ. ಪರಮಾಣುಗಳು ಒತ್ತಾಗಿ ಸರಿದಾಗ ಎಲೆಕ್ಟ್ರಾನುಗಳ ಶಕ್ತಿಮಟ್ಟ ಬದಲಾಗಿ, ಅದೇ ಬಿಸಿಗೆ ಬೇರೆ ವೋಲ್ಟೇಜ್ ಬರುತ್ತದೆ. ಅಮೆರಿಕದ ಬ್ರಿಜ್‌ಮನ್ 1918ರಲ್ಲೇ ಚದರ ಸೆಂಟಿಮೀಟರಿಗೆ 12,000 ಕಿಲೋಗ್ರಾಂ ಒತ್ತಡದವರೆಗೆ ಇದನ್ನು ಅಳೆದರು. ಒಂದೊಂದು ಲೋಹದ ವರ್ತನೆ ಒಂದೊಂದು ತೆರ. 1970ರಲ್ಲಿ ಗೆಟಿಂಗ್ ಮತ್ತು ಕೆನಡಿ ಪ್ಲಾಟಿನಂ-ರೋಡಿಯಂ ಮಿಶ್ರಲೋಹದ ಉಷ್ಣಯುಗ್ಮವನ್ನು ಪರೀಕ್ಷಿಸಿ, ಒತ್ತಡದಲ್ಲಿ ಅದು ನಿಜಕ್ಕಿಂತ ಕಡಿಮೆ ಉಷ್ಣತೆ ತೋರಿಸುತ್ತದೆಂದು ಕಂಡರು. ಈ ತಿದ್ದುಪಡಿ ಸೇರಿಸದಿದ್ದರೆ ನೆಲದಾಳದ ಲೆಕ್ಕವೇ ತಪ್ಪೀತು.

ವಿದ್ಯಾರ್ಥಿಗಳು ಒತ್ತಡದ ಪ್ರಯೋಗ ಮಾಡಲಾರರು, ಆದರೆ ಮೊದಲ ಮೆಟ್ಟಿಲು ಹತ್ತಬಹುದು. ತಾಮ್ರದ ತಂತಿ, ಕಬ್ಬಿಣದ ತಂತಿ, ಒಂದು ಮೇಣದಬತ್ತಿ, ಶಾಲೆಯ ಗ್ಯಾಲ್ವನೋಮೀಟರ್ ಸಾಕು. ಪಾಲಕರು ಪಕ್ಕದಲ್ಲಿ ಕೂತು ಮುಳ್ಳು ಸರಿಯುವುದನ್ನು ನೋಡಲಿ. ಬಳಿಕ ಮಕ್ಕಳನ್ನು ಹೊಲದ ಬಾವಿಯ ಹತ್ತಿರ ಕರೆದೊಯ್ದು ಆ ಕರಿಕಲ್ಲನ್ನೂ ತೋರಿಸಲಿ.