ಇಬ್ಬರು ಸ್ಪಾಕರು

ಅಳು ನುಂಗುವುದರಲ್ಲಿ ನಮ್ಮ ಹೆಂಗಸರಿಗೆ ಸರಿಸಾಟಿಯಾಗಿ ನಿಲ್ಲಬಲ್ಲ ಗಂಡಸು ನನಗೆ ಗೊತ್ತಿರುವಂತೆ ಒಬ್ಬನೇ ಒಬ್ಬ. ಅವನು ನಮ್ಮೂರಿನವನಲ್ಲ, ಈ ಭೂಮಿಯವನೂ ಅಲ್ಲ. ಚೂಪು ಕಿವಿ, ಓರೆಯಾಗಿ ಮೇಲಕ್ಕೇರಿದ ಹುಬ್ಬು, ತಲೆಯ ಮೇಲೆ ಬೋಗುಣಿ ಕವುಚಿ ಸುತ್ತ ಕತ್ತರಿಸಿದಂತಿರುವ ಕೂದಲು, ಮೈಯಲ್ಲಿ ಹಸಿರು ರಕ್ತ. ಹೆಸರು ಸ್ಪಾಕ್.

ಜೀನ್ ರಾಡನ್‌ಬೆರಿ ಸೃಷ್ಟಿಸಿದ ‘ಸ್ಟಾರ್ ಟ್ರೆಕ್’ ಧಾರಾವಾಹಿ ಅಮೆರಿಕದ ಟೀವಿಯಲ್ಲಿ ಶುರುವಾದದ್ದು 1966ರ ಸೆಪ್ಟೆಂಬರಿನಲ್ಲಿ. 79 ಕಂತುಗಳಾಗಿ 1969ರಲ್ಲಿ ನಿಂತಿತು. ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬರುತ್ತಿತ್ತು. ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಊಹೆ. ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ನೌಕೆ, ಅದಕ್ಕೆ ಕರ್ಕ್ ಎಂಬ ಕ್ಯಾಪ್ಟನ್, ಅವನ ಬಲಗೈಯಂತಿದ್ದವನು ಸ್ಪಾಕ್. ತಂದೆ ಸಾರೆಕ್ ವಲ್ಕನ್ ಗ್ರಹದವನು. ತಾಯಿ ಅಮಾಂಡ ನಮ್ಮ ಹಾಗೆ ಭೂಮಿಯವಳು, ಟೀಚರಾಗಿದ್ದವಳು. ವಲ್ಕನ್ನರಿಗೆ ಭಾವನೆಗಳಿಲ್ಲವೆಂದಲ್ಲ. ಬೇಕಾದಷ್ಟಿವೆ, ತರ್ಕದ ಮುಚ್ಚಳ ಹಾಕಿ ಅದುಮಿಟ್ಟಿರುತ್ತಾರೆ. ತಾಯಿಯ ಕಡೆಯಿಂದ ಬಂದದ್ದನ್ನೂ ಸೇರಿಸಿ ಅದುಮಬೇಕಾದ್ದರಿಂದ ಸ್ಪಾಕನಿಗೆ ಕೆಲಸ ಎರಡರಷ್ಟು.

ಈ ಪಾತ್ರವನ್ನು ಮೊದಲು ಮಾಡಿದವರು ಲಿಯೋನಾರ್ಡ್ ನಿಮಾಯ್. 2009ರ ಸಿನಿಮಾದಲ್ಲಿ ಯುವಕ ಸ್ಪಾಕನಾಗಿ ಬಂದವರು ಜಾಕರಿ ಕ್ವಿಂಟೋ. 2019ರಿಂದ ಈಥನ್ ಪೆಕ್ ಎಂಬ ಇನ್ನೊಬ್ಬರೂ ಮಾಡಿದ್ದಾರೆ ಅನ್ನಿ. ಆದರೆ ನಮ್ಮ ಮನೆಯಲ್ಲಿ ಜಗಳವಿರುವುದು ಮೊದಲ ಇಬ್ಬರ ಬಗ್ಗೆ. ನಾನು ನಿಮಾಯ್ ಪಕ್ಷ, ಮಗಳು ಕ್ವಿಂಟೋ ಪಕ್ಷ. ಬೆಂಗಳೂರಿನಿಂದ ಹಬ್ಬಕ್ಕೆ ಬಂದಾಗಲೆಲ್ಲ ಒಬ್ಬಟ್ಟು ತಟ್ಟುತ್ತಲೂ ನಮ್ಮ ವಾದ ಮುಂದುವರಿಯುತ್ತದೆ.

ನಿಮಾಯ್ ಬಗ್ಗೆ ಒಂದು ಸಂಗತಿ ಹೇಳಲೇಬೇಕು. 1966ರ ಒಂದು ಕಂತಿನಲ್ಲಿ ನೌಕೆಯವರಿಗೆಲ್ಲ ವಿಚಿತ್ರ ಸೋಂಕು ತಗಲಿ, ಮನಸ್ಸಿನ ಕಟ್ಟು ಸಡಿಲಿ, ಒಳಗಿದ್ದದ್ದು ಹೊರಗೆ ಬರುತ್ತದೆ. ಸ್ಪಾಕ್ ಎಲ್ಲರೆದುರು ಓಣಿಯಲ್ಲಿ ನಿಂತು ಅಳುವಂತೆ, ಯಾರೋ ಬಂದು ಅವನ ಮುಖಕ್ಕೆ ಮೀಸೆ ಬಳಿದು ಹೋಗುವಂತೆ ಬರೆದಿದ್ದರಂತೆ. ನಿಮಾಯ್ ಒಪ್ಪಲಿಲ್ಲ. ಇಂಥವನು ಅಳುವುದಾದರೆ ಯಾರೂ ಇಲ್ಲದ ಕೋಣೆ ಹುಡುಕಿಕೊಂಡು ಹೋಗಿ ಅಳುತ್ತಾನೆ ಎಂದರು. ಹಾಗೇ ಆಯಿತು. ಸ್ಪಾಕ್ ಖಾಲಿ ಕೋಣೆಗೆ ಹೋಗುತ್ತಾನೆ, ಹಿಂದೆ ಬಾಗಿಲು ಮುಚ್ಚುತ್ತದೆ. ಮೇಜಿನ ಮುಂದೆ ಕುಳಿತು ಲೆಕ್ಕ ಹೇಳಿಕೊಂಡು ಅಳು ತಡೆಯಲು ನೋಡುತ್ತಾನೆ. ಆಗುವುದಿಲ್ಲ. ಅವನನ್ನು ಅಳಿಸುವ ದುಃಖವಾದರೂ ಏನು? ತಾಯಿಯನ್ನು ಪ್ರೀತಿಸುತ್ತೇನೆಂದು ಅವಳಿಗೆ ಒಮ್ಮೆಯೂ ಹೇಳಲಾಗಲಿಲ್ಲವಲ್ಲ ಎಂಬುದು.

1967ರ ಮತ್ತೊಂದು ಕಂತಿನಲ್ಲಿ ತಂದೆಗೆ ಶಸ್ತ್ರಚಿಕಿತ್ಸೆ ಆಗಬೇಕು, ಮಗ ರಕ್ತ ಕೊಡಬೇಕು. ಕ್ಯಾಪ್ಟನ್ ಗಾಯಗೊಂಡು ಮಲಗಿದ್ದಾನೆ, ನೌಕೆಗೆ ಅಪಾಯ. ಕರ್ತವ್ಯ ಬಿಟ್ಟು ಬರಲಾರೆ ಎನ್ನುತ್ತಾನೆ ಸ್ಪಾಕ್. ತಾಯಿ ಗೋಗರೆದು ಸೋತು ಅವನ ಕೆನ್ನೆಗೆ ಹೊಡೆದು ಹೊರಟುಹೋಗುತ್ತಾಳೆ. ಅವಳ ಹಿಂದೆ ಮುಚ್ಚಿದ ಬಾಗಿಲಿನ ಮೇಲೆ ಸ್ಪಾಕ್ ಸುಮ್ಮನೆ ಅಂಗೈ ಇಡುತ್ತಾನೆ. ಅಷ್ಟೇ. ಒಂದು ಮಾತಿಲ್ಲ.

ಆ ಕೈಯನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ನನ್ನ ಅಮ್ಮ. ಅಪ್ಪ ತೀರಿಕೊಂಡಾಗ ಅವಳು ಅಳಲಿಲ್ಲ. ಹದಿಮೂರನೆಯ ದಿನಕ್ಕೆ ಎಷ್ಟು ಎಲೆ, ಎಷ್ಟು ಸೇರು ಅಕ್ಕಿ, ಹಾಲು ಯಾರಿಗೆ ಹೇಳುವುದು ಎಂದು ಲೆಕ್ಕ ಹಾಕುತ್ತಿದ್ದಳು. “ಗಟ್ಟಿಗಿತ್ತಿ” ಎಂದರು ಕೆಲವರು. “ಕಲ್ಲುಮನಸ್ಸು” ಎಂದು ಪಿಸುಗುಟ್ಟಿದವರೂ ಇದ್ದರು. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೋಡುತ್ತೇನೆ, ಒಗೆದಿಟ್ಟ ಅಪ್ಪನ ಅಂಗಿಯನ್ನು ಬಿಡಿಸುತ್ತಿದ್ದಾಳೆ, ಮಡಿಸುತ್ತಿದ್ದಾಳೆ, ಮತ್ತೆ ಬಿಡಿಸುತ್ತಿದ್ದಾಳೆ. ನನ್ನನ್ನು ಕಂಡೊಡನೆ, “ಕಾಲರ್ ಸರಿ ಕೂತಿಲ್ಲ ನೋಡು” ಎಂದಳು. ನಿಮಾಯ್ ಅಭಿನಯದಲ್ಲಿ ಅತಿರೇಕವಿಲ್ಲ ಎಂದು ವಿಮರ್ಶಕರು ಬರೆಯುತ್ತಾರೆ. ನನಗೆ ಅದು ಅಭಿನಯವೆಂದೇ ಅನ್ನಿಸುವುದಿಲ್ಲ; ನಮ್ಮ ಮನೆಯವರನ್ನು ನೋಡಿದಂತಿರುತ್ತದೆ.

ಇನ್ನು ಕ್ವಿಂಟೋ. ಜೆ. ಜೆ. ಅಬ್ರಾಮ್ಸ್ ನಿರ್ದೇಶಿಸಿದ 2009ರ ಸಿನಿಮಾದಲ್ಲಿ ಮುಚ್ಚಳದ ಕೆಳಗೆ ಕುದಿಯುವ ಸದ್ದು ಮೊದಲಿನಿಂದಲೇ ಕೇಳಿಸುತ್ತದೆ. ತಾಯಿ ಭೂಮಿಯವಳೆಂಬುದು ಒಂದು ಕೊರತೆ ಎಂಬಂತೆ ಹಿರಿಯರು ಮಾತಾಡಿದಾಗ, ಸಿಕ್ಕಿದ ಉನ್ನತ ವ್ಯಾಸಂಗದ ಸೀಟನ್ನೇ ವಿನಯದಿಂದ ಬೇಡವೆನ್ನುತ್ತಾನೆ ಈ ಸ್ಪಾಕ್. ಆ ವಿನಯದಲ್ಲಿರುವ ಸಿಟ್ಟು ನೋಡಬೇಕು! ಮುಂದೆ ವಲ್ಕನ್ ಗ್ರಹವೇ ನಾಶವಾಗುವಾಗ ತಾಯಿಯನ್ನು ಉಳಿಸಲು ಹೋಗುತ್ತಾನೆ. ಕೊನೆಯ ಗಳಿಗೆಯಲ್ಲಿ ಅವಳ ಕಾಲಕೆಳಗಿನ ನೆಲ ಕುಸಿಯುತ್ತದೆ. ಮರುಕ್ಷಣ ಅವನು ನೌಕೆಯಲ್ಲಿದ್ದಾನೆ; ತಾಯಿಯತ್ತ ಚಾಚಿದ ಕೈ ಚಾಚಿದಂತೆಯೇ ಇದೆ, ಎದುರು ಯಾರೂ ಇಲ್ಲ. ಕ್ವಿಂಟೋ ಆ ಖಾಲಿ ಜಾಗವನ್ನು ನೋಡುವ ನೋಟಕ್ಕೆ ನಿಮಾಯ್ ಪಕ್ಷದವಳಾದ ನಾನೂ ತಲೆಬಾಗುತ್ತೇನೆ.

ಆಮೇಲೆ ಕರ್ಕ್ ಬೇಕೆಂದೇ ಕೆಣಕುತ್ತಾನೆ: ತಾಯಿ ಸತ್ತರೂ ನಿನಗೇನೂ ಅನ್ನಿಸಲಿಲ್ಲ, ನೀನು ಅವಳನ್ನು ಪ್ರೀತಿಸಲೇ ಇಲ್ಲ ಎಂದು. ಸ್ಪಾಕ್ ಅವನ ಕುತ್ತಿಗೆಗೇ ಕೈ ಹಾಕುತ್ತಾನೆ. ತಂದೆ ಕರೆದಾಗ ಕೈ ಬಿಟ್ಟು, ನಾಯಕತ್ವವನ್ನೂ ಬಿಟ್ಟು ಹೊರನಡೆಯುತ್ತಾನೆ. ಈ ತಂದೆಯ ಕಥೆಯೂ ಸ್ವಾರಸ್ಯವಾದದ್ದು. ಅಮ್ಮನನ್ನು ಏಕೆ ಮದುವೆಯಾದಿರಿ ಎಂದು ಮಗ ಚಿಕ್ಕಂದಿನಲ್ಲಿ ಕೇಳಿದ್ದಾಗ, ಅದು ತರ್ಕಬದ್ಧವಾಗಿತ್ತು ಎಂದಿದ್ದ. ಅವಳು ಹೋದ ಮೇಲೆ ಹೇಳುತ್ತಾನೆ, ಪ್ರೀತಿಸುತ್ತಿದ್ದೆ, ಅದಕ್ಕೇ ಮದುವೆಯಾದೆ ಎಂದು. ಇಂಥ ಯಜಮಾನರನ್ನು ಕಾಣಲು ನಾವು ವಲ್ಕನ್‌ಗೆ ಹೋಗಬೇಕಾಗಿಲ್ಲ, ಅಲ್ಲವೆ?

ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಎರಡು ದೃಶ್ಯಗಳಿವೆ. 1982ರ ಸಿನಿಮಾದಲ್ಲಿ ನೌಕೆಯನ್ನು ಉಳಿಸಲು ವಿಕಿರಣ ತುಂಬಿದ ಕೋಣೆ ಹೊಕ್ಕ ಸ್ಪಾಕ್ ಸಾಯುತ್ತಿದ್ದಾನೆ, ಗಾಜಿನ ಹೊರಗೆ ಕರ್ಕ್. ಕಣ್ಣು ಕಾಣದೆ ತತ್ತರಿಸುತ್ತ ಎದ್ದ ನಿಮಾಯ್ ಮೊದಲು ಮಾಡುವುದೇನು ಗೊತ್ತೆ? ಕೋಟಿನ ಸುಕ್ಕು ಎಳೆದು ಸರಿಪಡಿಸಿಕೊಳ್ಳುತ್ತಾರೆ. 2013ರ ಸಿನಿಮಾದಲ್ಲಿ ಇದು ತಿರುಗುಮುರುಗು: ಒಳಗೆ ಕರ್ಕ್, ಹೊರಗೆ ಸ್ಪಾಕ್. ಕ್ವಿಂಟೋ ಕಣ್ಣೀರು ಹಾಕುತ್ತಾರೆ, ಆಮೇಲೆ ಶತ್ರುವಿನ ಹೆಸರು ಹಿಡಿದು ಅರಚುತ್ತಾರೆ.

“ಈ ಅರಚಾಟ ಸ್ಪಾಕನಿಗೆ ಒಪ್ಪುವುದಿಲ್ಲ” ಎಂದೆ.

“ಒಪ್ಪದಿದ್ದರೆ ಬೇಡಮ್ಮ. ನಿನ್ನ ಸ್ಪಾಕ್ ಕೋಟು ಸರಿಮಾಡಿಕೊಂಡೇ ಸತ್ತ. ಅಜ್ಜಿಯೂ ಹಾಗೇ ಅಂಗಿ ಮಡಿಸುತ್ತಲೇ ಇದ್ದಳು. ನಿಮಗೆಲ್ಲ ಅದು ಬಹಳ ಚಂದ. ಅವಳಿಗೆ ಹೇಗಿತ್ತೋ ಯಾರಾದರೂ ಕೇಳಿದಿರಾ?”

ನಾನು ಉತ್ತರ ಹೇಳಲಿಲ್ಲ. ಆ ಮಾತಿನ ಮೇಲೆ 2009ರ ಸಿನಿಮಾದ ಇನ್ನೊಂದು ದೃಶ್ಯ ನೆನಪಾಯಿತು. ತಾಯಿ ಹೋದ ಬಳಿಕ ಸ್ಪಾಕ್ ಲಿಫ್ಟ್ ಹತ್ತುತ್ತಾನೆ. ಅವನನ್ನು ಮೆಚ್ಚಿದ ಉಹುರಾ ಹಿಂದೆಯೇ ಬಂದು ಲಿಫ್ಟ್ ನಿಲ್ಲಿಸಿ, ನಿನಗೇನು ಬೇಕು ಹೇಳು ಎನ್ನುತ್ತಾಳೆ. ಎಲ್ಲರೂ ಅವರವರ ಕೆಲಸ ಚೆನ್ನಾಗಿ ಮಾಡಿಕೊಂಡು ಹೋಗಲಿ, ಅಷ್ಟೇ ಸಾಕು ಎಂಬುದು ಅವನ ಉತ್ತರ. ಅಲ್ಲಿ ಕ್ವಿಂಟೋ ಥೇಟ್ ನಿಮಾಯ್! ಮುಚ್ಚಳ ಅದೇ, ಬಿಗಿ ಅದೇ. ವ್ಯತ್ಯಾಸವೆಂದರೆ ಕೇಳುವವಳು ಒಬ್ಬಳಿದ್ದಳು. ಹಳೆಯ ಸ್ಪಾಕ್ ಬಾಗಿಲ ಮೇಲೆ ಕೈ ಇಟ್ಟು ನಿಂತಾಗ ಆಚೆಯಿಂದ ಅದನ್ನು ಯಾರೂ ತೆರೆಯಲಿಲ್ಲ.

2009ರ ಸಿನಿಮಾದ ಕೊನೆಗೆ ಮುದುಕ ಸ್ಪಾಕನಾಗಿ ನಿಮಾಯ್ ಅವರೇ ಬಂದು ಯುವಕನಿಗೆ ಬುದ್ಧಿ ಹೇಳುತ್ತಾರೆ, ಈ ಒಂದು ಸಲ ತರ್ಕ ಬದಿಗಿಟ್ಟು ಮನಸ್ಸಿಗೆ ಸರಿಕಂಡದ್ದನ್ನು ಮಾಡು ಎಂದು. 2015ರ ಫೆಬ್ರವರಿ 27ರಂದು, 83ನೆಯ ವಯಸ್ಸಿನಲ್ಲಿ ನಿಮಾಯ್ ತೀರಿಕೊಂಡರು. ಮರುವರ್ಷದ ಸಿನಿಮಾದಲ್ಲಿ ಹಿರಿಯ ಸ್ಪಾಕನ ಸಾವಿನ ಸುದ್ದಿ ಕ್ವಿಂಟೋನ ಸ್ಪಾಕನಿಗೆ ತಲುಪುತ್ತದೆ. ಅಳುವುದಿಲ್ಲ ಅವನು. ಅದು ನನಗೂ ಮಗಳಿಗೂ ಒಟ್ಟಿಗೆ ಮೆಚ್ಚಿಗೆಯಾದ ದೃಶ್ಯ.

ಈಗೀಗ ಸಾವಿನ ಮನೆಗೆ ಹೋದಾಗ “ಧೈರ್ಯ ತಂದುಕೋ” ಎನ್ನುವುದನ್ನು ಬಿಟ್ಟಿದ್ದೇನೆ. ಉಹುರಾಳ ಹಾಗೆ ಕೇಳುತ್ತೇನೆ. ಹೆಚ್ಚಿನವರು ಏನೂ ಬೇಡವೆನ್ನುತ್ತಾರೆ. ಹೋದ ವರ್ಷ ನಮ್ಮ ಬೀದಿಯ ಹೆಂಗಸೊಬ್ಬಳು ಗಂಡನನ್ನು ಕಳೆದುಕೊಂಡಳು. ಕಣ್ಣಲ್ಲಿ ಹನಿ ನೀರಿಲ್ಲದೆ ಬಂದವರಿಗೆಲ್ಲ ಚಾಪೆ ಹಾಸುತ್ತಿದ್ದಳು. ಪಕ್ಕಕ್ಕೆ ಕರೆದು, “ನಿನಗೇನು ಬೇಕಮ್ಮಾ?” ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು.

“ಒಂದು ಗಂಟೆ ಇವರನ್ನೆಲ್ಲ ಹೊರಗೆ ಕೂರಿಸಿಕೊಳ್ಳಿ ಅಕ್ಕಾ. ಕೋಣೆ ಬಾಗಿಲು ಹಾಕಿಕೊಳ್ಳಬೇಕು ನಾನು.”

ಬಂದವರನ್ನೆಲ್ಲ ಕರೆದುಕೊಂಡು ಹೋಗಿ ಜಗಲಿಯ ಮೇಲೆ ಕುಳಿತೆ. ಒಳಗೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.